ಉಸಿರು ಎಲ್ಲಿ ಎಳೆದುಕೊಳ್ಳುತ್ತಾರೆ?

ನಮಸ್ಕಾರ,

ತುರ್ಕಿಯ ರ‍್ಯಾಪರ್ ಜೆಝಾ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಭಾಷೆಯೂ ಸಲೀಸು. ಆದರೆ ಓದಿ ಮುಗಿಸುವಷ್ಟರಲ್ಲಿ ಸಿಟ್ಟು ಬಂತು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ನಿಮ್ಮ ಮೊದಲ ಸಾಲು: ‘ಎಲ್ಲರಿಗಿಂತ ಭಿನ್ನ ಹಾದಿ ತುಳಿದ ಅಪರೂಪದ ಪ್ರತಿಭೆ.’ ಇದನ್ನು ಯಾರ ಹೆಸರಿನ ಮುಂದೆ ಬೇಕಾದರೂ ಅಂಟಿಸಬಹುದು. ಇವರು ಇಸ್ತಾಂಬುಲ್‌ನ ಉಸ್ಕುದಾರ್‌ನವರು, ಎಲೆಕ್ಟ್ರಿಷಿಯನ್ ಆಗಿ ದುಡಿದವರು. ಅದು ನಿಮಗೆ ಗೊತ್ತು. ಆದರೂ ಆರನೇ ಪ್ಯಾರಾದಲ್ಲಿ ಅರ್ಧ ವಾಕ್ಯಕ್ಕೆ ಮುಗಿಸಿಬಿಟ್ಟಿದ್ದೀರಿ! 1995ರಲ್ಲಿ ತುರ್ಕಿಯಲ್ಲಿ ಹವಾ ಎಬ್ಬಿಸಿದ ‘ಕಾರ್ಟೆಲ್’ ರ‍್ಯಾಪ್ ತಂಡ ಜರ್ಮನಿಯಿಂದ ಬಂದದ್ದು. ಜೆಝಾ ಇಸ್ತಾಂಬುಲ್‌ನಲ್ಲೇ ಇದ್ದು, ಡಾಕ್ಟರ್ ಫುಕ್ಸ್ ಅನ್ನೋ ಇನ್ನೊಬ್ಬ ರ‍್ಯಾಪರ್ ಜೊತೆ ‘ನೆಫ್ರೆತ್’ ಅನ್ನೋ ಜೋಡಿ ಕಟ್ಟಿದರು. ‘ಭಿನ್ನ’ ಅಂದರೆ ಇದು. ಇದನ್ನು ಮೊದಲು ಹೇಳಿ.

ಮುಂದಿನ ಸಾಲು: ‘ಅವರ ವೇಗ ಬೆರಗು ಹುಟ್ಟಿಸುತ್ತದೆ.’ ಸರಿ, ಹೇಗೆ? 2004ರ ‘ರ‍್ಯಾಪ್‌ಸ್ಟಾರ್’ ಆಲ್ಬಂನ ‘ಹೊಲೊಕಾಸ್ಟ್’ ಹಾಡನ್ನು ಸುಮ್ನೆ ಹೆಸರಿಸಿ ಮುಂದೆ ಹೋಗಿದ್ದೀರಿ. ನಾನು ಪತ್ರಿಕೆಯ ಕೆಲಸ ಕಲಿಯುವಾಗ ನಮ್ಮ ಹಿರಿಯ ಉಪಸಂಪಾದಕರು ಗಾಯಕರ ಬಗ್ಗೆ ಬರೆಯುವ ಮೊದಲು ಕ್ಯಾಸೆಟ್ ಹಾಕಿ ಕೂರಿಸುತ್ತಿದ್ದರು. ಹಾಡನ್ನು ಹಾಳೆಯಲ್ಲಿ ಬರೆದುಕೊಂಡು, ಹಾಡುವವರು ಉಸಿರು ಎಳೆದುಕೊಂಡ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಬೇಕು. ರಿವೈಂಡ್ ಒತ್ತಿ ಒತ್ತಿ ಬೆರಳು ನೋಯುತ್ತಿತ್ತು. ಗೀಟಿನಿಂದ ಗೀಟಿಗೆ ಎಷ್ಟು ದೂರ ಅಂತ ನೋಡಿದರೆ ಸಾಕು, ಅವರ ಕಸುಬು ಕಾಣುತ್ತಿತ್ತು. ಅಂದಿನಿಂದ ಬರೀ ‘ಬೆರಗು’, ‘ಅದ್ಭುತ’ ಕಂಡರೆ ನನಗೆ ಆಗಲ್ಲ.

ನೀವೂ ಹಾಗೆ ಕೂತು ಕೇಳಿ. ತುರ್ಕಿ ಬರದಿದ್ದರೂ ಉಸಿರು ಕೇಳಿಸುತ್ತದೆ, ಅಲ್ವಾ? ಪ್ರಾಸದ ಕಡೆಗೂ ಕಿವಿ ಕೊಡಿ. ಕನ್ನಡದ ಹಾಗೆ ತುರ್ಕಿಯಲ್ಲೂ ಪ್ರತ್ಯಯಗಳು ಪದದ ಕೊನೆಗೆ ಒಂದರ ಹಿಂದೊಂದು ಸೇರಿಕೊಳ್ಳುತ್ತವೆ. ಸಾಲಿನ ಕೊನೆಯಲ್ಲಿ ಪ್ರಾಸ ಹೇಗೆ ಕೂರುತ್ತದೆ ಅಂತ ನಮ್ಮ ಓದುಗರಿಗೆ ತಟ್ಟನೆ ಹೊಳೆಯುತ್ತದೆ.

‘ತೆರೆಯ ಮೇಲೂ ಮಿಂಚಿದರು’ ಅನ್ನೋದನ್ನು ಹೊಡೆದುಹಾಕಿದ್ದೇನೆ. ನೀವು ಹೇಳುತ್ತಿರುವುದು ಇಸ್ತಾಂಬುಲ್‌ನ ಸಂಗೀತದ ಬಗ್ಗೆ ಫಾತಿಹ್ ಅಕಿನ್ 2005ರಲ್ಲಿ ತಂದ ಸಾಕ್ಷ್ಯಚಿತ್ರ. ಅಲ್ಲಿ ಜೆಝಾಗೆ ಪಾತ್ರ ಅಂತಿಲ್ಲ, ಅವರು ಅವರಾಗೇ ಇದ್ದಾರೆ. ತಂಗಿ ಐಬೆನ್ ಕೂಡ ಅದರಲ್ಲಿ ರ‍್ಯಾಪ್ ಮಾಡುತ್ತಾರೆ. ಒಂದೇ ಮನೆಯಲ್ಲಿ ಇಬ್ಬರು ರ‍್ಯಾಪರ್‌ಗಳು! ಆ ತಂಗಿಯ ಹೆಸರೇ ನಿಮ್ಮ ಲೇಖನದಲ್ಲಿಲ್ಲ. ಆ ಭಾಗ ಮತ್ತೆ ನೋಡಿ, ಕಂಡದ್ದನ್ನು ಬರೆಯಿರಿ.

ಲೇಖನ ವಾಪಸ್ ಕಳಿಸುತ್ತಿದ್ದೇನೆ, ಬೇಡ ಅಂತ ಅಲ್ಲ. ತಿದ್ದಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ