ಓದುಗರ ಪ್ರಶ್ನೆ: ಪತ್ತೇದಾರಿ ಕಥೆಗಳಿಗೊಂದು ಪತ್ರಿಕೆ

ಪ್ರಶ್ನೆ: ಪತ್ತೇದಾರಿ ಕಥೆಗಳಿಗೇ ಮೀಸಲಾದ ಮಾಸಪತ್ರಿಕೆ ತರಬೇಕೆಂದು ಗೆಳೆಯರು ಸೇರಿದ್ದೇವೆ. 500 ಪ್ರತಿಗೆ ಎಷ್ಟು ಪುಟ, ಎಂಥ ಕಾಗದ? (ಪಿ.ಜೆ. ಬಡಾವಣೆ, ದಾವಣಗೆರೆ)

ಮಾಸಪತ್ರಿಕೆ ಬೇಡ, ತ್ರೈಮಾಸಿಕ ಮಾಡಿ. ಇಂಥ ಪತ್ರಿಕೆಗಳಿಗೆ ದುಡ್ಡಿಗಿಂತ ಮೊದಲು ಕಥೆಗಳ ಬರ ಬರುತ್ತದೆ. ಎರಡು ಸಂಚಿಕೆಗೆ ಸಾಕಾಗುವಷ್ಟು ತಿದ್ದಿದ ಕಥೆಗಳು ಕೈಯಲ್ಲಿರುವವರೆಗೆ ಚಂದಾ ಕೇಳಬೇಡಿ.

ಡೆಮಿ 1/8 ಅಳತೆ (ಡೆಮಿ ಎಂಬ ಮುದ್ರಣ ಹಾಳೆಯ ಎಂಟನೇ ಒಂದು ಭಾಗ), 64 ಪುಟ, ಒಳಗೆ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಮ್ಯಾಪ್ಲಿಥೊ ಎಂಬ ಮುದ್ರಣ ಕಾಗದ, ಹೊದಿಕೆಗೆ 250 ಜಿಎಸ್‌ಎಂ ಆರ್ಟ್ ಕಾರ್ಡ್. ಒಂದು ಫಾರಂಗೆ (ಎರಡೂ ಬದಿ ಅಚ್ಚಾದ ಒಂದು ಡೆಮಿ ಹಾಳೆಗೆ) 16 ಪುಟ, ಹಾಗಾಗಿ ಪುಟಗಳ ಸಂಖ್ಯೆ 16ರ ಲೆಕ್ಕದಲ್ಲೇ ಇರಲಿ. ಪ್ರತಿಗೆ ನಾಲ್ಕು ಡೆಮಿ ಹಾಳೆಯಂತೆ 500 ಪ್ರತಿಗೆ 2000 ಹಾಳೆ, ಎಂದರೆ 500 ಹಾಳೆಯ ನಾಲ್ಕು ರೀಮ್. ವೇಸ್ಟೇಜ್‌ಗೆ ಇನ್ನಷ್ಟು ಸೇರಿಸಿ. ಪುಟಕ್ಕೆ ಸುಮಾರು 220 ಪದ ಹಿಡಿಸುತ್ತದೆ. ಸಂಪಾದಕೀಯ, ಪತ್ರಗಳು, ಜಾಹೀರಾತು ಕಳೆದರೆ 2000 ಪದಗಳ ಐದು ಕಥೆಗೆ ಜಾಗ.

ಇಷ್ಟು ಪುಟಕ್ಕೆ ಸೆಂಟರ್ ಪಿನ್ (ನಡುಮಡಿಕೆಗೆ ಹೊಡೆಯುವ ಪಿನ್) ಸಾಕು. ಆದರೆ ಮಡಚಿದಾಗ ನಡುವಿನ ಹಾಳೆಗಳು ಹೊರಕ್ಕೆ ತಳ್ಳಿಕೊಂಡು ಬರುತ್ತವೆ, ಕತ್ತರಿಸುವಾಗ ಅಂಚಿನ ಅಕ್ಷರವೂ ಹೋಗಬಹುದು. ಹೊರ ಅಂಚಿಗೆ 12 ಮಿ.ಮೀ. ಬಿಡಿ. ಪತ್ತೇದಾರಿ ಎಂದೊಡನೆ ಎಲ್ಲರೂ ಕಪ್ಪು ಹೊದಿಕೆ ಕೇಳುತ್ತಾರೆ. ಲ್ಯಾಮಿನೇಷನ್ ಇಲ್ಲದಿದ್ದರೆ ಕಪ್ಪು ಶಾಯಿ ಮಡಿಕೆಯಲ್ಲಿ ಒಡೆದು ಬಿಳಿ ಗೆರೆ ಕಾಣುತ್ತದೆ.

ಕಥೆಗಳು ನುಡಿ ತಂತ್ರಾಂಶದಲ್ಲೂ ಬರುತ್ತವೆ, ಯೂನಿಕೋಡ್‌ನಲ್ಲೂ ಬರುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು, ಉದ್ಧರಣ ಚಿಹ್ನೆಗಳನ್ನು ಕಣ್ಣಿಟ್ಟು ನೋಡಿ. ಸಾಲಿನ ನಡುವೆ ಅಂಕಿ ಕೆಟ್ಟರೆ ಕೊಲೆಯ ಸಮಯವೇ ಬದಲಾಗಿ ಕಥೆ ಕೆಡುತ್ತದೆ.

ಬೆಲೆಗೆ ಒಂದು ಉದಾಹರಣೆ: ಪ್ರತಿಗೆ 50 ರೂಪಾಯಿ ಖರ್ಚು ಬಿದ್ದು ಮುಖಬೆಲೆ 120 ಇಟ್ಟರೆ, ಅಂಗಡಿಗೆ ಶೇ. 35 ಕಮಿಷನ್ ಹೋಗಿ ನಿಮಗೆ 78. ಉಳಿಯುವ 28ರಲ್ಲೇ ಸಾಗಣೆ, ಮಾರಾಟವಾಗದೆ ಮರಳುವ ಪ್ರತಿಗಳ ನಷ್ಟ, ಲೇಖಕರ ಗೌರವಧನ. ಮೊತ್ತ ಚಿಕ್ಕದಾದರೂ ಗೌರವಧನ ಕೊಡಲೇಬೇಕು. ದುಡ್ಡು ಕೊಟ್ಟರೇನೇ ಮೂರನೇ ಸಲ ತಿದ್ದಿ ಕೊಡಿ ಎಂದು ಕೇಳಲು ಬಾಯಿ ಬರುವುದು.

ಪ್ರಶ್ನೆ: ನೋಂದಣಿ ಎಲ್ಲಿ? (ಹರಿಹರ)

2024ರ ಮಾರ್ಚ್ 1ರಿಂದ 1867ರ ಹಳೆಯ ಕಾಯ್ದೆ ಹೋಗಿ 2023ರ ಪತ್ರಿಕೆ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆ ಜಾರಿಯಲ್ಲಿದೆ. ಶೀರ್ಷಿಕೆ ಮತ್ತು ನೋಂದಣಿ ಎರಡಕ್ಕೂ ಕೇಂದ್ರ ಸರ್ಕಾರದ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಒಟ್ಟಿಗೇ ಅರ್ಜಿ; ಜಿಲ್ಲಾಡಳಿತದ ಅಭಿಪ್ರಾಯವನ್ನೂ ಅದರ ಮೂಲಕವೇ ಕೇಳುತ್ತಾರೆ. ಹೆಚ್ಚಾಗಿ ತೊಡಕಾಗುವುದು ಹೆಸರಿನಲ್ಲೇ. ದೇಶದಲ್ಲೆಲ್ಲೇ ಇರಲಿ ಕನ್ನಡದಲ್ಲಿ, ಅಥವಾ ಕರ್ನಾಟಕದೊಳಗೆ ಬೇರೆ ಯಾವುದೇ ಭಾಷೆಯಲ್ಲಿ ಇನ್ನೊಬ್ಬರ ಹೆಸರಿಗಿರುವ ಶೀರ್ಷಿಕೆ, ಅದನ್ನು ಹೋಲುವ ಶೀರ್ಷಿಕೆ ಸಿಗದು. 'ರಹಸ್ಯ', 'ಸುಳಿವು'ಗಳಂಥ ಒಂಟಿ ಪದ ಬಿಟ್ಟು ಊರಿನ ಗುರುತು ಸೇರಿದ ಎರಡು ಪದದ ಹೆಸರುಗಳನ್ನು ಯೋಚಿಸಿ. ವರ್ಷಕ್ಕೊಂದೇ ಕಥಾಸಂಕಲನ ಸಾಕು ಎನಿಸಿದರೆ ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ಪಡೆದು ಪುಸ್ತಕವಾಗಿಯೇ ತನ್ನಿ.

ಪ್ರಶ್ನೆ: ಬಂದ ಕಥೆಗಳಲ್ಲಿ ಏನೇನು ಪರೀಕ್ಷಿಸಬೇಕು? (ಚಿತ್ರದುರ್ಗ)

ಮೊದಲು ಕಾಲ. ಒಂದು ಹಾಳೆಯಲ್ಲಿ ನಾಲ್ಕು ಕಂಬಸಾಲು ಎಳೆಯಿರಿ: ಗಂಟೆ, ಯಾರು ಎಲ್ಲಿ, ನಿಜವಾಗಿ ನಡೆದದ್ದು, ಓದುಗರಿಗೆ ಆಗ ಗೊತ್ತಿರುವುದು. ಕೊನೆಯ ಕಂಬಸಾಲಿನಲ್ಲಿ ಇಲ್ಲದ ಸುಳಿವಿನಿಂದ ಪತ್ತೇದಾರ ಕೊಲೆಗಾರನನ್ನು ಹಿಡಿದರೆ ಅದು ಓದುಗರಿಗೆ ಮೋಸ, ಕಥೆ ವಾಪಸ್. ಆಮೇಲೆ ಕೊನೆಯ ಎರಡು ಪುಟ ತೆಗೆದಿಟ್ಟು ಇಬ್ಬರಿಗೆ ಓದಲು ಕೊಡಿ. ಮೂರನೇ ಪುಟಕ್ಕೇ ಇಬ್ಬರೂ ಕೊಲೆಗಾರನ ಹೆಸರು ಹೇಳಿದರೆ ಸುಳಿವು ಅತಿಯಾಗಿದೆ. ಅಂತ್ಯ ಓದಿದ ಮೇಲೂ 'ಹೌದಲ್ಲ, ಇಲ್ಲಿತ್ತಲ್ಲ' ಎಂದು ಒಂದು ಸಾಲನ್ನಾದರೂ ತೋರಿಸಲಾಗದಿದ್ದರೆ ಸುಳಿವೇ ಇಲ್ಲ.

ಕಾನೂನಿನ ತಪ್ಪು ಬಹಳ ಬರುತ್ತದೆ. 2024ರ ಜುಲೈ 1ರಿಂದ ನಡೆದ ಕೊಲೆಗೆ ಐಪಿಸಿ 302 ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 103. ಠಾಣೆಯಲ್ಲಿ ನಾಲ್ಕೇಟು ತಿಂದು ತಪ್ಪೊಪ್ಪಿಕೊಳ್ಳುವ ಅಂತ್ಯವನ್ನು ಒಪ್ಪಬೇಡಿ: ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಪುರಾವೆಯಾಗದು. ಆದರೆ ಆರೋಪಿ ಕೊಟ್ಟ ಮಾಹಿತಿಯಿಂದ ಚಾಕು ಸಿಕ್ಕರೆ ಆ ಮಾತಿನ ಅಷ್ಟು ಭಾಗ ನಿಲ್ಲುತ್ತದೆ. ಜಾಣ ಲೇಖಕರಿಗೆ ಇಲ್ಲೇ ಒಂದು ಕಥೆಯಿದೆ. ಹೆಣ ಸೆಟೆಯುವ ಸಮಯವನ್ನೂ ನೋಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಬೇಗ ಶುರುವಾಗಿ ಬೇಗ ಬಿಡುತ್ತದೆ. ಚಳಿದೇಶದ ಕಥೆಯಿಂದ ಎತ್ತಿದ ಗಂಟೆಗಳು ಇಲ್ಲಿ ನಡೆಯವು.

ಊರಿನ ನಿಜ ಪ್ರಕರಣವನ್ನು ಹೆಸರು ಮಾತ್ರ ಬದಲಿಸಿ ಬರೆದದ್ದು ಬಂದರೆ ಓಣಿ, ಕಸುಬು, ಸಂಬಂಧ ಎಲ್ಲ ಬದಲಿಸಲು ಹೇಳಿ. ಜನ ಗುರುತಿಸಿದರೆ ಮಾನನಷ್ಟದ ಮೊಕದ್ದಮೆ ಬರಬಹುದು. ಅತ್ಯಾಚಾರದ ಸಂತ್ರಸ್ತೆಯ ಗುರುತು ಹೊರಗೆಡಹುವುದು ಎರಡು ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ಜೈಲಿನ ಮಾತು ಬಿಟ್ಟರೂ ಅದನ್ನು ಮಾಡಬಾರದು.

ಪ್ರಶ್ನೆ: ಹಳೆಯ ಪತ್ತೇದಾರಿ ಕಥೆಗಳನ್ನು ಮರುಮುದ್ರಿಸಬಹುದೇ? (ಹೊಳಲ್ಕೆರೆ)

ಹಕ್ಕುಸ್ವಾಮ್ಯ ಮುಗಿಯಲು ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಾಯಬೇಕು. ಷೆರ್ಲಾಕ್ ಹೋಮ್ಸ್ ಕಥೆಗಳ ಕಾನನ್ ಡಾಯ್ಲ್ 1930ರಲ್ಲಿ ತೀರಿಕೊಂಡರು, ಮೂಲದಿಂದ ನೀವೇ ಅನುವಾದಿಸಬಹುದು. ಬೇರೆಯವರು ಮಾಡಿದ ಅನುವಾದಕ್ಕೆ ಅದರದೇ ಹಕ್ಕಿದೆ. ಅಗಾಥಾ ಕ್ರಿಸ್ಟಿ ಕಥೆಗಳಿಗೆ 2036ರ ಕೊನೆಯವರೆಗೆ ಅನುಮತಿ ಬೇಕು. ಕನ್ನಡದ ಮ. ರಾಮಮೂರ್ತಿಯವರು ತೀರಿಕೊಂಡದ್ದು 1967ರಲ್ಲಿ, ಅವರ ಕೃತಿಗಳಿಗೆ 2027 ಮುಗಿಯಬೇಕು. ಅಷ್ಟರೊಳಗೆ ಬೇಕಿದ್ದರೆ ವಾರಸುದಾರರಿಂದ ಲಿಖಿತ ಒಪ್ಪಿಗೆ ಪಡೆಯಿರಿ: ಯಾವ ಕಥೆ, ಎಷ್ಟು ಸಲ, ಎಷ್ಟು ಹಣ, ಅಂತರಜಾಲಕ್ಕೂ ಸೇರಿದೆಯೇ. ಅವಧಿಯನ್ನೂ ಬರೆಯಿರಿ, ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷವೆಂದೇ ಹಿಡಿಯುತ್ತದೆ.