ಬೋರ್ ಆಳ ಇದ್ದರೆ ನೈಟ್ರೇಟ್ ಬರುವುದಿಲ್ಲವೇ?

ಪ್ರಶ್ನೆ: ಹಾವೇರಿ ಹತ್ತಿರ ಮಸಾರಿ (ಕೆಂಪು ಮಣ್ಣಿನ) ಹೊಲ. ಗೋವಿನಜೋಳಕ್ಕೆ ಎಕರೆಗೆ ಮೂರು ಚೀಲ ಯೂರಿಯಾ, ಒಂದು ಚೀಲ ಡಿಎಪಿ, ಎರಡು ಟನ್ ತಿಪ್ಪೆಗೊಬ್ಬರ ಹಾಕುತ್ತೇನೆ. ಇಳುವರಿ 20 ಕ್ವಿಂಟಲ್. ಹೊಲದ ಬೋರಿನ ನೀರನ್ನೇ ಕುಡಿಯುತ್ತೇವೆ. 400 ಅಡಿ ಆಳಕ್ಕೆ ಗೊಬ್ಬರ ಇಳಿಯುವುದಿಲ್ಲ ಅಲ್ಲವೇ?

ಉತ್ತರ: ಆಳದ ಭರವಸೆ ದಯವಿಟ್ಟು ಬಿಡಿ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ. ನಮ್ಮದು ಗಟ್ಟಿ ಕಲ್ಲಿನ ನೆಲ, ನೀರು ಹರಿಯುವುದು ಬಂಡೆಯ ಬಿರುಕುಗಳಲ್ಲಿ. ಕೇಸಿಂಗ್ ಪೈಪ್ ಇರುವುದು ಮೇಲಿನ ಸಡಿಲ ಪದರಕ್ಕಷ್ಟೇ. ಅದರ ಕೆಳಗೆ 80 ಅಡಿಯ ಬಿರುಕಿನಿಂದ ಬಂದ ನೀರೂ ನಿಮ್ಮ ಮೋಟರಿಗೇ ಸೇರುತ್ತದೆ. ಕೇಸಿಂಗ್ ಸುತ್ತಲಿನ ಸಂದಿಗೆ ಸಿಮೆಂಟ್ ತುಂಬಿಸದಿದ್ದರೆ ಮಳೆನೀರು ಅಲ್ಲಿಂದಲೇ ಇಳಿಯುತ್ತದೆ.

ಲೆಕ್ಕ ಹಾಕಬೇಕಾದದ್ದು ಬೆಳೆ ತಿಂದು ಉಳಿದ ಸಾರಜನಕವನ್ನು; ಅದೇ ಮಣ್ಣಿನಲ್ಲಿ ನೈಟ್ರೇಟ್ ಆಗಿ ನೀರಿನೊಂದಿಗೆ ಇಳಿಯುತ್ತದೆ. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20.7 ಕಿಲೋ ಸಾರಜನಕ. ಮೂರು ಚೀಲಕ್ಕೆ 62. ಡಿಎಪಿಯಿಂದ 9, ತಿಪ್ಪೆಗೊಬ್ಬರದಿಂದ ಸುಮಾರು 10. ಒಟ್ಟು 81. ತಿಪ್ಪೆಗೊಬ್ಬರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ತಪ್ಪುವುದು ಇಲ್ಲೇ. 20 ಕ್ವಿಂಟಲ್ ಕಾಳು ಒಯ್ಯುವುದು ಸುಮಾರು 30 ಕಿಲೋ, ಕಣಿಕೆಯನ್ನೂ ದನಕ್ಕೆ ಒಯ್ದರೆ ಇನ್ನೊಂದು 14. ಉಳಿದದ್ದು 37. ಇದರಲ್ಲಿ ಒಂದಿಷ್ಟು ಗಾಳಿಗೆ ಹೋಗುತ್ತದೆ, ಒಂದಿಷ್ಟು ಮಣ್ಣಿನಲ್ಲಿ ನಿಲ್ಲುತ್ತದೆ. ಕಾಲು ಭಾಗ, ಅಂದರೆ 9 ಕಿಲೋ ಮಾತ್ರ ಇಳಿಯಿತು ಎನ್ನಿ. ಮಳೆಯಲ್ಲಿ 100 ಮಿ.ಮೀ. ಬೇರು ದಾಟಿದರೆ ಎಕರೆಗೆ 4 ಲಕ್ಷ ಲೀಟರ್ ನೀರು. ಆ ನೀರಿನಲ್ಲಿ ಸಾರಜನಕ ಲೀಟರಿಗೆ ಸುಮಾರು 22 ಮಿಲಿಗ್ರಾಂ, 4.43ರಿಂದ ಗುಣಿಸಿದರೆ ನೈಟ್ರೇಟ್ 100 ಮಿಲಿಗ್ರಾಂ ಹತ್ತಿರ! ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ 45. ಬೋರಿನಲ್ಲಿ ಬೇರೆ ಕಡೆಯ ನೀರೂ ಬೆರೆಯುವುದರಿಂದ ನಿಜವಾದ ಅಂಕಿ ಪರೀಕ್ಷೆಯಿಂದಲೇ ಗೊತ್ತಾಗಬೇಕು.

ಮಸಾರಿಯಲ್ಲಿ ನೀರು ಬೇಗ ಇಳಿಯುತ್ತದೆ. ನವಲಗುಂದ, ರೋಣದ ಎರಿ (ಕಪ್ಪು ಮಣ್ಣಿನ) ಹೊಲದವರು ಅದಕ್ಕಾಗಿ ನಿಶ್ಚಿಂತರಾಗಬೇಡಿ: ಬಿರುಕು ಬಿಟ್ಟ ನೆಲಕ್ಕೆ ಚೆಲ್ಲಿದ ಗೊಬ್ಬರ ಮೊದಲ ದೊಡ್ಡ ಮಳೆಯಲ್ಲಿ ಬಿರುಕಿನೊಳಗೇ ಹೋಗುತ್ತದೆ.

ಒಂದು ಚೀಲ ಯೂರಿಯಾ ಈ ವರ್ಷವೇ ಕಡಿಮೆ ಮಾಡಿ. ಉಳಿದದ್ದನ್ನು ಒಂದೇ ಸಲ ಹಾಕದೆ ಬಿತ್ತನೆಗೆ, ಮೊಣಕಾಲೆತ್ತರಕ್ಕೆ ಬಂದಾಗ, ಸೂಲಂಗಿ ಬರುವ ಮುಂಚೆ ಎಂದು ಹಂಚಿ. ಮೋಡ ಕಟ್ಟಿದ ದಿನ ಚೆಲ್ಲಬೇಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪರೀಕ್ಷೆ ಮಾಡಿಸಿ: ಮೋಟರ್ 15 ನಿಮಿಷ ಓಡಿಸಿ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಬಾಯಿವರೆಗೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು 48 ತಾಸಿನೊಳಗೆ ಪರೀಕ್ಷೆ ಆಗುವಂತೆ ಲ್ಯಾಬಿಗೆ ಮುಟ್ಟಿಸಿ. ಬಿಸಿಲಿನಲ್ಲಿ ಬೈಕಿಗೆ ನೇತುಹಾಕಿ ತಂದ ನೀರಿನ ವರದಿಯನ್ನು ನಾನು ನಂಬುವುದಿಲ್ಲ.

ಪ್ರಶ್ನೆ: ಕಾಯಿಸಿ ಕುಡಿದರೆ?

ಉತ್ತರ: ನೀರು ಆವಿಯಾಗುತ್ತದೆ, ನೈಟ್ರೇಟ್ ಉಳಿದು ಇನ್ನೂ ದಟ್ಟವಾಗುತ್ತದೆ.

ಪ್ರಶ್ನೆ: ಫಿಲ್ಟರ್ ಮಾರುವವರು ಮೀಟರಿನಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) 400 ತೋರಿಸಿ ಚಿಂತೆ ಇಲ್ಲ ಎಂದರು.

ಉತ್ತರ: ಆ ಮೀಟರಿಗೆ ಉಪ್ಪು ಯಾವುದು, ನೈಟ್ರೇಟ್ ಯಾವುದು ಗೊತ್ತಾಗುವುದಿಲ್ಲ. ಅಂಥವರನ್ನು ಬಾಗಿಲಿನಿಂದಲೇ ಕಳಿಸಿ.

ಪ್ರಶ್ನೆ: ನಮ್ಮದು ಸಾವಯವ ಹೊಲ, ನಮಗೇಕೆ ಪರೀಕ್ಷೆ?

ಉತ್ತರ: ತಿಪ್ಪೆ ಬೋರಿನ ಪಕ್ಕದಲ್ಲಿದ್ದರೆ ನಿಮಗೇ ಮೊದಲು ಬೇಕು.

ಪ್ರಶ್ನೆ: ವರದಿಯಲ್ಲಿ 18 ಎಂದಿದೆ. ಮನೆಯಲ್ಲಿ ನಾಲ್ಕು ತಿಂಗಳ ಕೂಸಿದೆ, ಬಾಟಲಿ ಹಾಲು.

ಉತ್ತರ: 18 ಯಾವುದರ ಅಂಕಿ ಎಂದು ಲ್ಯಾಬಿಗೆ ಇವತ್ತೇ ಫೋನ್ ಮಾಡಿ ಕೇಳಿ. ನೈಟ್ರೇಟಿನದ್ದಾದರೆ ಮಿತಿಯೊಳಗಿದೆ. ನೈಟ್ರೇಟ್ ರೂಪದ ಸಾರಜನಕದ್ದಾದರೆ 4.43ರಿಂದ ಗುಣಿಸಿ, 80 ಆಗುತ್ತದೆ. ಉತ್ತರ ಸಿಗುವವರೆಗೆ ಆ ನೀರಿನಲ್ಲಿ ಹಾಲು ಕಲಸಬೇಡಿ. ಕೂಸಿನ ತುಟಿ, ಉಗುರು ನೀಲಿಯಾದರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.