ಸಂಪಾದಕರ ಉತ್ತರ: ಪಿರಮಿಡ್ ಏಳುತ್ತಿದ್ದಾಗ ಬಳ್ಳಾರಿಯ ಗುಡ್ಡಗಳಲ್ಲಿ ಏನು ನಡೆದಿತ್ತು?

ಮಾನ್ಯ ಶಿಕ್ಷಕಿಯವರೇ,

ನಿಮ್ಮ ಪತ್ರ ಕೈಸೇರಿ ಮೂರು ವಾರಗಳಾದವು. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ತಡವಾಯಿತು, ಕ್ಷಮೆಯಿರಲಿ. ಬಳ್ಳಾರಿ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಬೋಧಿಸುವ ನೀವು ಪ್ರಾಚೀನ ನಾಗರಿಕತೆಗಳ ಪಾಠ ಮುಗಿಸಿದ ದಿನ, ಹುಡುಗನೊಬ್ಬ ಎದ್ದು ನಿಂತು, “ಈಜಿಪ್ಟಿನವರು ಪಿರಮಿಡ್ ಕಟ್ಟುವಾಗ ನಮ್ಮೋರು ಇನ್ನೂ ಕಲ್ಲು ಮಸೀತಿದ್ರೇನ್ರಿ ಮೇಡಂ?” ಎಂದು ಕೇಳಿದನಂತೆ. ತರಗತಿ ನಕ್ಕಿತು, ನೀವು “ಹೌದು” ಎಂದಿರಿ, ಮನೆಗೆ ಬಂದ ಮೇಲೆ ಆ “ಹೌದು” ನಿಮಗೇ ಸರಿಬರಲಿಲ್ಲ. ‘ಶಿಲಾಯುಗ’ ಎಂಬ ಮಾತು ಹಿಂದುಳಿದವರೆಂಬ ಅರ್ಥವನ್ನು ಹೊತ್ತಿದೆಯೇ, ಬೇಟೆ, ಬೇಸಾಯ, ಹಳ್ಳಿ, ನಗರ ಎಂಬ ಏಣಿಯನ್ನು ಎಲ್ಲ ಜನರೂ ಒಂದೇ ಕ್ರಮದಲ್ಲಿ ಹತ್ತಬೇಕೇ, ತುಂಗಭದ್ರೆಯಂಥ ನದಿ ಹರಿಯುತ್ತಿದ್ದರೂ ಆ ಕಾಲದಲ್ಲಿ ಇಲ್ಲೊಂದು ನಗರ ಏಕೆ ಹುಟ್ಟಲಿಲ್ಲ ಎಂಬ ಮೂರು ಪ್ರಶ್ನೆಗಳನ್ನು ನೀವು ನಮ್ಮ ಮುಂದಿಟ್ಟಿದ್ದೀರಿ.

ಮೊದಲು ಆ ಹುಡುಗನಿಗೆ ಉತ್ತರ. ಹೌದು, ನಮ್ಮವರು ಕಲ್ಲು ಮಸೆಯುತ್ತಿದ್ದರು. ಈಜಿಪ್ಟಿನವರೂ ಕಲ್ಲಿನಿಂದಲೇ ಕಲ್ಲನ್ನು ಜಜ್ಜುತ್ತಿದ್ದರು. ಖುಫು ದೊರೆಯ ಮಹಾ ಪಿರಮಿಡ್ ಎದ್ದದ್ದು ಸುಮಾರು ಕ್ರಿ.ಪೂ. 2560ರಲ್ಲಿ. ಅದರ ಗರ್ಭದ ಕೋಣೆಗೆ ಹೊದಿಸಿದ ಗ್ರಾನೈಟ್ ತೊಲೆಗಳು ನೈಲ್ ನದಿಯ ಮೇಲ್ದಂಡೆಯ ಅಸ್ವಾನಿನಿಂದ ದೋಣಿಯಲ್ಲಿ ಬಂದವು. ಗ್ರಾನೈಟಿನ ಮೇಲೆ ತಾಮ್ರದ ಉಳಿ ನಿಲ್ಲುವುದಿಲ್ಲ. ಅಸ್ವಾನಿನ ಕಲ್ಲುಗಣಿಯಲ್ಲಿ ಇಂದಿಗೂ ಅರ್ಧಕ್ಕೆ ಬಿಟ್ಟ, ಸುಮಾರು 42 ಮೀಟರ್ ಉದ್ದದ ಶಿಲಾಸ್ತಂಭವೊಂದು ಮಲಗಿದೆ. ಪಿರಮಿಡ್ಡಿನ ಕಾಲಕ್ಕಿಂತ ಬಹಳ ಈಚಿನದು. ಅದರ ಸುತ್ತಲಿನ ಬಂಡೆಯನ್ನು ಜಜ್ಜಿ ತೆಗೆದದ್ದು ಡೋಲರೈಟ್ ಎಂಬ ಗಟ್ಟಿ ಕರಿಕಲ್ಲಿನ, ಮುಷ್ಟಿಗಿಂತ ದೊಡ್ಡದಾದ ಗುಂಡುಗಳಿಂದ. ಬಳ್ಳಾರಿ ನಗರದ ಮಗ್ಗುಲಿನ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳಲ್ಲಿ ಗ್ರಾನೈಟನ್ನು ಸೀಳಿಕೊಂಡು ಹಾದುಹೋಗುವ ಕರಿಕಲ್ಲಿನ ಪಟ್ಟೆಯೂ ಡೋಲರೈಟೇ. ಆ ಕರಿಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಬಂಡೆಯ ಮೇಲೆ ನೀರು ಹಾಕಿ ಮಸೆದು ನಮ್ಮವರು ಕೊಡಲಿ ಮಾಡುತ್ತಿದ್ದರು. ಎರಡು ಕಡೆಯ ಕಸುಬುದಾರರೂ ಆ ಕಲ್ಲಿನ ಗಟ್ಟಿತನವನ್ನು ಕೈಯಿಂದಲೇ ಬಲ್ಲವರಾಗಿದ್ದರು.

ಇನ್ನು ‘ಶಿಲಾಯುಗ’ ಎಂಬ ಅಳತೆಗೋಲು ಎಲ್ಲಿಂದ ಬಂತೆಂಬುದನ್ನು ನೋಡೋಣ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ವಸ್ತುಸಂಗ್ರಹಾಲಯದ ಹೊಣೆ ಹೊತ್ತಿದ್ದ ಕ್ರಿಶ್ಚಿಯನ್ ಥಾಮ್ಸೆನ್ ಎಂಬವರು ರಾಶಿಬಿದ್ದ ಹಳೆಯ ವಸ್ತುಗಳನ್ನು ಕಲ್ಲು, ಕಂಚು, ಕಬ್ಬಿಣ ಎಂದು ವಿಂಗಡಿಸಿ ಜೋಡಿಸಿದರು. 1836ರಲ್ಲಿ ಆ ಕ್ರಮ ಅಚ್ಚಾಯಿತು. 1865ರಲ್ಲಿ ಇಂಗ್ಲೆಂಡಿನ ವಿದ್ವಾಂಸ ಜಾನ್ ಲಬಕ್ ಕಲ್ಲಿನ ಯುಗವನ್ನು ಹಳೆಯದು, ಹೊಸದು ಎಂದು ಒಡೆದರು. ಅಂದರೆ ಇದು ಮೂಲತಃ ಉತ್ತರ ಯುರೋಪಿನ ಒಂದು ವಸ್ತುಸಂಗ್ರಹಾಲಯದ ಕಪಾಟಿನ ವ್ಯವಸ್ಥೆ. ಅಲ್ಲಿನ ಮಣ್ಣಿಗೆ ಅದು ಚೆನ್ನಾಗಿ ಒಪ್ಪಿತು. ನಮ್ಮ ಮಣ್ಣಿಗೆ ಒಪ್ಪಲಿಲ್ಲ ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯೇ ಸಾಕ್ಷಿ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ ಕೆಳಗೆ ಕಲ್ಲುಕೊಡಲಿಯ ಜನ, ಅವರ ಮೇಲಿನ ಪದರದಲ್ಲಿ ಕಬ್ಬಿಣ ಬಲ್ಲ ಬೃಹತ್ ಶಿಲಾಸಮಾಧಿಯ ಜನ ಸಿಕ್ಕರು. ನಡುವೆ ಕಂಚಿನ ಯುಗವೆಂಬ ಮೆಟ್ಟಿಲೇ ಇರಲಿಲ್ಲ. ಲೋಹದ ಪರಿಚಯ ನಮ್ಮವರಿಗೆ ಇರಲಿಲ್ಲವೆಂದೂ ಅಲ್ಲ. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಕಲ್ಲುಕೊಡಲಿಯ ಜನರ ನೆಲೆಯಲ್ಲಿ ತಾಮ್ರವೂ ಚಿನ್ನದ ಕಿವಿಯೊಡವೆಯೂ ದೊರೆತಿವೆ. ಮನೆಬಾಗಿಲಲ್ಲೇ ಒಳ್ಳೆಯ ಕರಿಕಲ್ಲು ಇರುವಾಗ ದೂರದಿಂದ ತರಬೇಕಾದ ತಾಮ್ರದಲ್ಲಿ ಕೊಡಲಿ ಎರಕ ಹೊಯ್ಯುವ ಅಗತ್ಯ ಅವರಿಗೆ ಕಾಣಲಿಲ್ಲ ಎಂದು ನಾನು ತಿಳಿದಿದ್ದೇನೆ. ‘ಇತಿಹಾಸಪೂರ್ವ’ ಎಂಬ ಮಾತಿಗೂ ಬರವಣಿಗೆ ಇಲ್ಲದ ಕಾಲ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಅದೇ ಬ್ರಹ್ಮಗಿರಿಯ ಬಂಡೆಯ ಮೇಲೆ ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕನ ಶಾಸನ ಕೆತ್ತಿದ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನೂ ಬರೆದಿಟ್ಟಿದ್ದಾನೆ. ಆ ಸೀಮೆಯ ಮಟ್ಟಿಗೆ ಇತಿಹಾಸಪೂರ್ವ ಮುಗಿಯುವುದು ಅಲ್ಲಿ.

ಹಾಗಾದರೆ ಪಿರಮಿಡ್ಡಿನ ಕಾಲದಲ್ಲಿ ಇಲ್ಲಿ ಏನಿತ್ತು? ಇದ್ದದ್ದು ಬೂದಿದಿಬ್ಬ. ಬಳ್ಳಾರಿ, ರಾಯಚೂರು, ಯಾದಗಿರಿ, ಕೊಪ್ಪಳದಿಂದ ಹಿಡಿದು ಆಂಧ್ರ, ತೆಲಂಗಾಣದ ಗಡಿಭಾಗದವರೆಗೆ ಇಂಥ ನೂರಕ್ಕೂ ಹೆಚ್ಚು ದಿಬ್ಬಗಳು ಗುರುತಾಗಿವೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಕುಡತಿನಿಯಲ್ಲಿ ನಾನೊಮ್ಮೆ ನಿಂತು ನೋಡಿದ್ದೇನೆ. ದೂರಕ್ಕೆ ಅದು ಸುಣ್ಣದ ಮಣ್ಣಿನ ಗುಡ್ಡೆಯಂತೆ ಕಾಣುತ್ತದೆ. ಹತ್ತಿರ ಹೋಗಿ ಒಂದು ಗಟ್ಟಿಯನ್ನು ಕೈಗೆತ್ತಿಕೊಂಡರೆ, ಕಲ್ಲೆಂದು ಎತ್ತಿದ ಕೈ ಅದರ ಹಗುರಕ್ಕೆ ಬೆಚ್ಚುತ್ತದೆ. ಒಳಗೆಲ್ಲ ಗುಳ್ಳೆಗುಳ್ಳೆ, ಅಂಚಿನಲ್ಲಿ ಗಾಜಿನಂಥ ಹೊಳಪು. ಕಮ್ಮಾರನ ಕುಲುಮೆಯ ಕಿಟ್ಟವೆಂದೇ ಅನ್ನಿಸಬೇಕು. ನಾನು ಅದನ್ನು ಎತ್ತಿದ ಜಾಗದಲ್ಲೇ ಇಟ್ಟು ಬಂದೆ, ಆದರೆ ಆ ಹಗುರ ಇನ್ನೂ ಅಂಗೈಯಲ್ಲಿದೆ.

ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಇದನ್ನು ಕಂಡು ಜ್ವಾಲಾಮುಖಿಯ ಶೇಷವೆಂದರು, ಕುಲುಮೆಯ ಕಿಟ್ಟವೆಂದರು. ಊರಿನವರು ಮಾತ್ರ ಇದು ಭೀಮ ಕೊಂದ ಹಿಡಿಂಬನನ್ನು ಸುಟ್ಟ ಬೂದಿ ಎನ್ನುತ್ತಿದ್ದರು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆಯ ಬೂದಿಯೆಂದು ಇಂದಿಗೂ ತೋರಿಸುತ್ತಾರೆ. ಕಥೆ ಯಾರದೇ ಇರಲಿ, ಇದು ಬೂದಿ, ಯಾರೋ ಬೇಕೆಂದೇ ಹಚ್ಚಿದ ಬೆಂಕಿಯ ಬೂದಿ ಎಂಬುದನ್ನು ಮೊದಲು ಸರಿಯಾಗಿ ಹೇಳಿದವರು ಊರಿನವರೇ. ಭೂಗರ್ಭ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಇದು ಸುಟ್ಟ ಸಗಣಿಯೆಂದು ಊಹಿಸಿದರು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕುಡತಿನಿಯ ಬೂದಿಯನ್ನು ಪರೀಕ್ಷಿಸಿದ ಫ್ರೆಡರಿಕ್ ಜೋಯ್ನರ್ ಅದನ್ನು ಖಚಿತಪಡಿಸಿದರು. ದನ ಮೇಯ್ದ ಹುಲ್ಲಿನಲ್ಲಿರುವ ಸಿಲಿಕಾ ಬಲವಾದ ಕಾವಿಗೆ ಕರಗಿ ಗಾಜಾಗುತ್ತದೆ. ನನ್ನ ಅಂಗೈಯಲ್ಲಿದ್ದ ಹೊಳಪು ನಾಲ್ಕು ಸಾವಿರ ವರ್ಷಗಳ ಹಿಂದಿನ ಹುಲ್ಲುಗಾವಲಿನದು. 1957ರಲ್ಲಿ ಈಗಿನ ತೆಲಂಗಾಣದ ಉತ್ನೂರಿನ ಬೂದಿದಿಬ್ಬವನ್ನು ಅಗೆದ ರೇಮಂಡ್ ಆಲ್ಚಿನ್ ಅವರಿಗೆ ಕಂಬಗಳನ್ನು ನೆಟ್ಟು ಬೇಲಿ ಕಟ್ಟಿದ ದನದ ದೊಡ್ಡಿಯ ಗುರುತೂ, ಪದರದ ಮೇಲೆ ದನಗಳ ಗೊರಸಿನ ಅಚ್ಚೂ ಕಂಡವು. ದೊಡ್ಡಿಯ ಸಗಣಿಯನ್ನು ರಾಶಿ ಹಾಕುವುದು, ಒಂದು ದಿನ ಅದಕ್ಕೆ ಬೆಂಕಿಯಿಡುವುದು, ಮತ್ತೆ ಅದರ ಮೇಲೆಯೇ ರಾಶಿ ಹಾಕುವುದು, ಹೀಗೆ ತಲೆಮಾರುಗಟ್ಟಲೆ ನಡೆದಿದೆ.

ಹೊಲಕ್ಕೆ ಗೊಬ್ಬರವಾಗಬಲ್ಲ, ಒಲೆಗೆ ಬೆರಣಿಯಾಗಬಲ್ಲ ಸಗಣಿಯನ್ನು ಇಷ್ಟೊಂದು ಸುಟ್ಟದ್ದೇಕೆ? ಸಂಕ್ರಾಂತಿಯ ಸಂಜೆ ಮಂಡ್ಯ, ಮೈಸೂರಿನ ಊರುಗಳಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೀವು ಕಂಡಿರಬಹುದು. ಇಂಥ ಹಬ್ಬದ ಬೆಂಕಿಗಳ ಜೊತೆಗೆ ಹೋಲಿಸಿ, ಬೂದಿದಿಬ್ಬಗಳೂ ಋತುಮಾನದ ಆಚರಣೆಯಿಂದ ಬೆಳೆದವೆಂದು ಆಲ್ಚಿನ್ ವಾದಿಸಿದರು. ಆ ಕಾಲದಿಂದ ಈ ಕಾಲದವರೆಗೆ ನೇರ ಗೆರೆ ಎಳೆಯುವ ಧೈರ್ಯ ನನಗಿಲ್ಲ. ಆದರೆ ದನ ಕಟ್ಟಿದವರಿಗೆ ಮಾತ್ರ ಅರ್ಥವಾಗುವ ಭಕ್ತಿಯೊಂದು ಆ ಬೆಂಕಿಯಲ್ಲಿತ್ತು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಸುರಪುರದ ಕಡೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ವರ್ಷಗಳ ಕಾಲ ನಡೆಸಿದ ಉತ್ಖನನ, ದಿಬ್ಬದ ಪಕ್ಕದಲ್ಲೇ ಜನವಸತಿಯಿತ್ತು, ದನ ಕಡಿದು ಮಾಂಸ ಹಂಚುವ ನೆಲವಿತ್ತು, ತೀರಿಹೋದ ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು ಮನೆಯ ಹತ್ತಿರವೇ ಹೂಳುತ್ತಿದ್ದರು ಎಂಬುದನ್ನೆಲ್ಲ ತೋರಿಸಿತು. ಕೇವಲ ದನ ಕಾಯುತ್ತ ಅಲೆದವರು ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಅವರ ಊಟದ ವಿಷಯ ನಿಮ್ಮ ತರಗತಿಗೆ ಇನ್ನೂ ಹಿಡಿಸೀತು. ಸಂಗನಕಲ್ಲಿನಂಥ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ, ಸುಟ್ಟು ಕರಿಯಾದ ಕಾಳುಗಳನ್ನು ಡೋರಿಯನ್ ಫುಲ್ಲರ್ ಮತ್ತು ರವಿ ಕೋರಿಶೆಟ್ಟರ್ ಮುಂತಾದವರು ಗುರುತಿಸಿದ್ದಾರೆ: ಹುರುಳಿ, ಹೆಸರುಕಾಳು, ಕೊರಲೆ ಎಂಬ ಕಿರುಧಾನ್ಯ. ಪಶ್ಚಿಮ ಏಷ್ಯಾದ ಗೋಧಿ, ಬಾರ್ಲಿಗಳೂ ಆಮೇಲೆ ಬಂದು ಸೇರಿದವು. ನಾವು ಅಪ್ಪಟ ನಮ್ಮದೆಂದು ತಿಳಿದ ರಾಗಿ, ಜೋಳ, ಸಜ್ಜೆಗಳು ಆಫ್ರಿಕಾದಿಂದ ಬಂದವು. ಬಡವರ ಕಾಳೆಂದು ಬದಿಗಿಟ್ಟ ಹುರುಳಿಯೇ ಈ ಸೀಮೆಯ ಹಳೆಯ ಬೆಳೆ. ಪಶ್ಚಿಮ ಏಷ್ಯಾದಿಂದ ಬೇಸಾಯ ಹರಡುತ್ತ ಬಂದು ದಕ್ಷಿಣಕ್ಕೆ ತಲುಪಿತು ಎಂಬ ಹಳೆಯ ಪಾಠ ಪೂರ್ತಿ ನಿಲ್ಲುವುದಿಲ್ಲ. ಮಳೆ ಕಡಿಮೆಯಾದ ಈ ಒಣನೆಲದಲ್ಲಿ ಯಾವ ಕಾಳು ಬದುಕುತ್ತದೆಂಬುದನ್ನು ಇಲ್ಲಿನವರು ತಾವೇ ಕಂಡುಕೊಂಡಿದ್ದರು.

ಏಣಿಯ ಪ್ರಶ್ನೆಗೆ ಬಹಳ ಹೊತ್ತು ಬೇಕಿಲ್ಲ. ಟರ್ಕಿಯ ಗೊಬೆಕ್ಲಿ ತೆಪೆಯಲ್ಲಿ ಸುಮಾರು ಕ್ರಿ.ಪೂ. 9500ರ ಹೊತ್ತಿಗೆ ಐದು ಮೀಟರ್ ಮೀರಿದ ಕೆತ್ತನೆಯ ಕಂಬಗಳನ್ನು ನಿಲ್ಲಿಸಿದವರು ಬೇಟೆಯಾಡಿ ಉಣ್ಣುತ್ತಿದ್ದವರು. ಬೇಸಾಯ ಮೊದಲು, ದೊಡ್ಡ ಕಟ್ಟಡ ಆಮೇಲೆ ಎಂಬ ಕ್ರಮವನ್ನು ಆ ಒಂದು ನೆಲೆಯೇ ಮುರಿದಿದೆ.

ನಗರದ ಪ್ರಶ್ನೆ ಹೆಚ್ಚು ಗಟ್ಟಿಯಾದದ್ದು. ಇರಾಕಿನ ದಕ್ಷಿಣದ ಉರುಕ್ ನಗರವನ್ನೇ ನೋಡಿ. ಅಲ್ಲಿ ಮೆಕ್ಕಲುಮಣ್ಣು ಬಿಟ್ಟರೆ ಕಲ್ಲಿಲ್ಲ, ಒಳ್ಳೆಯ ಮರವಿಲ್ಲ, ಲೋಹವಿಲ್ಲ. ಕಾಲುವೆ ತೋಡಿದರೆ ಬಾರ್ಲಿ ಧಾರಾಳವಾಗಿ ಬೆಳೆಯುತ್ತದೆ. ಉಳಿದುದೆಲ್ಲವನ್ನೂ ಹೊರಗಿನಿಂದ ತರಿಸಬೇಕು. ತರಿಸುವುದಕ್ಕೆ ಧಾನ್ಯ ಕೂಡಿಡಬೇಕು, ಕೂಡಿಟ್ಟವರು ಹಂಚಬೇಕು, ಹಂಚಿದ್ದಕ್ಕೆ ಲೆಕ್ಕ ಬೇಕು. ಅಲ್ಲಿ ಅಗೆದಲ್ಲೆಲ್ಲ ಒರಟಾದ, ಅಂಚು ಓರೆಯಾದ ಒಂದೇ ಬಗೆಯ ಮಣ್ಣಿನ ಬಟ್ಟಲುಗಳು ರಾಶಿರಾಶಿಯಾಗಿ ಸಿಗುತ್ತವೆ. ಕೆಲಸಗಾರರಿಗೆ ಪಡಿ ಅಳೆದು ಕೊಡುತ್ತಿದ್ದ ಬಟ್ಟಲುಗಳಿವು ಎಂದು ಬಹಳ ಮಂದಿ ವಿದ್ವಾಂಸರ ಅಭಿಪ್ರಾಯ. ಕ್ರಿ.ಪೂ. 3300ರಿಂದ 3100ರ ನಡುವೆ ಹುಟ್ಟಿದ ಅಲ್ಲಿನ ಬರಹದಲ್ಲಿ ‘ಉಣ್ಣು’ ಎಂಬುದಕ್ಕಿದ್ದ ಚಿಹ್ನೆ ಒಂದು ತಲೆ, ಅದರ ಬಾಯಿಯ ಬಳಿ ಒಂದು ಬಟ್ಟಲು. ಆ ಮೊದಲ ಜೇಡಿಹಲಗೆಗಳಲ್ಲಿ ಬಹುಪಾಲು ಧಾನ್ಯ, ಮದ್ಯ, ಕುರಿ, ಆಳುಗಳ ಲೆಕ್ಕ. ಕಾವ್ಯ ಬಂದದ್ದು ಬಹಳ ಆಮೇಲೆ. ಪುರಾತತ್ತ್ವಜ್ಞ ಗಾರ್ಡನ್ ಚೈಲ್ಡ್ ‘ನಗರ ಕ್ರಾಂತಿ’ಯೆಂದು ಕರೆದದ್ದರಲ್ಲಿ ಬರಹ, ದೊಡ್ಡ ಕಟ್ಟಡ, ಕುಶಲಕರ್ಮಿಗಳ ಜೊತೆಗೆ ದುಡಿದವರ ಉತ್ಪತ್ತಿಯ ಒಂದು ಪಾಲನ್ನು ಮೇಲಿನವರು ಎತ್ತಿಕೊಳ್ಳುವುದೂ ಸೇರಿತ್ತು ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು.

ಬಳ್ಳಾರಿಯ ಗುಡ್ಡದವರಿಗೆ ಕಲ್ಲು, ಮೇವು, ಬಂಡೆಯ ಪೊಟರೆಗಳಲ್ಲಿ ನಿಲ್ಲುವ ಮಳೆನೀರು, ಎಲ್ಲವೂ ಕೈಯಳತೆಯಲ್ಲಿದ್ದವು. ಅವರ ಐಶ್ವರ್ಯ ನಾಲ್ಕು ಕಾಲಿನ ಮೇಲೆ ನಡೆಯುತ್ತಿತ್ತು. ಅದನ್ನು ಕಣಜದಲ್ಲಿ ತುಂಬಿಸಿ ಬೀಗ ಹಾಕಲಾಗದು, ಬೇಸರವಾದ ಕುಟುಂಬ ತನ್ನ ದನ ಹೊಡೆದುಕೊಂಡು ಇನ್ನೊಂದು ಗುಡ್ಡಕ್ಕೆ ಹೋಗಬಲ್ಲದು. ಲೆಕ್ಕ ಬರೆಯುವ ಕರಣಿಕನೂ ಪಡಿ ಅಳೆಯುವ ಅಧಿಕಾರಿಯೂ ಇಲ್ಲಿ ಹುಟ್ಟದಿರಲು ಇದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಇದು ನನ್ನ ತೀರ್ಮಾನ, ಭಿನ್ನಮತಕ್ಕೆ ಅವಕಾಶವಿದೆ. ಹಾಗೆಂದು ನಮ್ಮ ಬೂದಿದಿಬ್ಬ ಪಿರಮಿಡ್ಡಿಗಿಂತ ದೊಡ್ಡದೆಂದು ತರಗತಿಯಲ್ಲಿ ಹೇಳಬೇಡಿ. ಸೋಲು ಗೆಲುವಿನ ಲೆಕ್ಕಕ್ಕೆ ಇಳಿದರೆ, ಹುಡುಗ ಕೇಳಿದ ಪ್ರಶ್ನೆಯ ತಪ್ಪನ್ನೇ ನಾವು ತಿರುಗಿಸಿ ಮಾಡಿದಂತಾಗುತ್ತದೆ.

ನನ್ನನ್ನು ನಿಜವಾಗಿ ಕಾಡುವ ಸಂಗತಿ ಬೇರೆ. ಬೂದಿ ಒಳ್ಳೆಯ ಗೊಬ್ಬರವೆಂದು ಎಷ್ಟೋ ದಿಬ್ಬಗಳನ್ನು ಗಾಡಿಗಟ್ಟಲೆ ಹೊತ್ತು ಹೊಲಕ್ಕೆ ಸುರಿದದ್ದಾಗಿದೆ. ಕುಪ್ಪಗಲ್ಲಿನ ಗುಡ್ಡಗಳನ್ನು ಗ್ರಾನೈಟಿಗಾಗಿ ಸಿಡಿಸಿದ್ದಾರೆ. ಹೊಲಕ್ಕೆ ಗೊಬ್ಬರ ಬೇಕಾದ ರೈತನನ್ನು ನಾನು ದೂರಲಾರೆ. ಇದು ಏನೆಂದು ಅವನಿಗೆ ತಿಳಿಸುವ ಕೆಲಸವನ್ನು ನಾವು, ಬರೆಯುವವರು ಮತ್ತು ಕಲಿಸುವವರು, ಮಾಡಲಿಲ್ಲ.

ಆದ್ದರಿಂದ ಒಂದು ಕೋರಿಕೆ. ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವಿದೆ. ಮೊದಲು ಮಕ್ಕಳಿಗೆ ಅಲ್ಲಿನ ಕಲ್ಲುಕೊಡಲಿಗಳನ್ನು ತೋರಿಸಿ, ಆಮೇಲೆ ಗುಡ್ಡಕ್ಕೆ ಕರೆದುಕೊಂಡು ಹೋಗಿ. ಕೊಡಲಿ ಮಸೆದು ಮಸೆದು ಬಂಡೆಯಲ್ಲಿ ಬಿದ್ದ ನುಣುಪಾದ ಕುಳಿಗಳಿವೆ. ಆ ಹುಡುಗ ತನ್ನ ಬೆರಳನ್ನು ಒಂದರಲ್ಲಿ ಆಡಿಸಿ ನೋಡಲಿ. ಕರಿಬಂಡೆಗಳ ಮೇಲೆ ಉದ್ದ ಕೋಡಿನ ಗೂಳಿಗಳ ಚಿತ್ರಗಳಿವೆ, ಬಡಿದರೆ ಗಂಟೆಯಂತೆ ದನಿ ಕೊಡುವ ಬಂಡೆಗಳೂ ಇವೆ. ಹುಡುಗರು ಕಲ್ಲೆತ್ತಿಕೊಂಡು ಬಡಿಯಲು ಮುಂದಾಗುತ್ತಾರೆ, ದಯವಿಟ್ಟು ತಡೆಯಿರಿ. ಅಲ್ಲಿಂದ ಬಂದ ಮೇಲೆ ಆತ ಕೇಳುವ ಮುಂದಿನ ಪ್ರಶ್ನೆಯನ್ನು ಅವನ ಕೈಯಿಂದಲೇ ಬರೆಸಿ ನಮಗೆ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ